ಬೆಕ್ಕಿನ ಜಡೆ

ನಮ್ಮ ಕಡೆ ಬೆಕ್ಕಿಗೆ ತಲೆ ಬಾಚಿದವರನ್ನು ಚಿಕ್ಕಂದಿನಲ್ಲಿ ನಾನು ಕಂಡವಳಲ್ಲ. ಬೆಕ್ಕು ಎಂದರೆ ಭತ್ತದ ಚೀಲದ ಮೇಲೆ ಮಲಗುವ, ಇಲಿ ಹಿಡಿದು ಹಾಲಿನ ಋಣ ತೀರಿಸುವ, ಅಟ್ಟದಲ್ಲಿ ಮರಿ ಹಾಕಿ ಏಳು ಮನೆ ಸುತ್ತಿಸುವ ಪ್ರಾಣಿ. ಅದರ ಸ್ನಾನ, ಅದರ ಸಿಂಗಾರ ಎಲ್ಲವೂ ಅದರ ನಾಲಗೆಯಲ್ಲೇ ಇತ್ತು. ಮನೆಯಲ್ಲಿ ಹಣಿಗೆ ಇದ್ದದ್ದು ಹೆಣ್ಣುಮಕ್ಕಳ ತಲೆಗೆ, ಸೀರಣಿಗೆ ಇದ್ದದ್ದು ಶಾಲೆಗೆ ಹೋಗುವ ಮಕ್ಕಳ ಹೇನಿಗೆ. ಬೆಕ್ಕಿಗೆಂದೇ ಒಂದು ಹಣಿಗೆ ಕೊಳ್ಳಬೇಕು ಎಂದಿದ್ದರೆ ನಮ್ಮ ಅಜ್ಜಿ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಈಗ ಕಾಲ ಬೇರೆ. ಮೈತುಂಬ ರೇಷ್ಮೆಯಂಥ ಕೂದಲಿನ, ಚಪ್ಪಟೆ ಮೂಗಿನ ಪರ್ಷಿಯನ್ ಬೆಕ್ಕುಗಳು ದಾವಣಗೆರೆ, ಶಿವಮೊಗ್ಗದ ಮನೆಗಳಲ್ಲಿ ಸೋಫಾದ ಮೇಲೆ ಕೂತಿರುತ್ತವೆ. ಅಂಥದೊಂದು ಬಿಳಿಯ ಬೆಕ್ಕು ಗೋವಿನಕೋವಿಯ ನನ್ನ ಅಕ್ಕನ ಮನೆಗೂ ಬಂದು ಸೇರಿತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಅವಳ ಮಗ ಹೊರದೇಶಕ್ಕೆ ಹೊರಟಾಗ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ತಂದು ಅಮ್ಮನ ಕೈಗೆ ಕೊಟ್ಟುಹೋದ. ಅಕ್ಕನ ಬೆರಳುಗಳಿಗೆ ಸಂಧಿವಾತ. ಮೂರು ತಿಂಗಳಾದ ಮೇಲೆ ನಾನು ಹೋದಾಗ ಬೆಕ್ಕಿನ ಕಿವಿಯ ಹಿಂದೆ, ಕಂಕುಳಲ್ಲಿ, ಹಿಂದೊಡೆಯಲ್ಲಿ ಕೂದಲು ಗಂಟುಗಂಟಾಗಿ ಹಲಗೆಯಂತೆ ಬಿಗಿದುಕೊಂಡಿತ್ತು. ಮುಂಗಾಲು ಚಾಚಿದರೆ ಕಂಕುಳಿನ ಗಂಟು ಚರ್ಮವನ್ನು ಜಗ್ಗುತ್ತಿತ್ತು. ಪಾಪದ್ದು ಹಾರುವುದನ್ನೇ ಬಿಟ್ಟು ಮಂಚದ ಕೆಳಗೆ ಮುದುಡಿಕೊಂಡಿತ್ತು.

“ಬಾಚಾಕೆ ಹೋದ್ರೆ ಕಚ್ಚಾಕೆ ಬರ್ತತಿ ಕಣೇ. ಸಿಟ್ಟು ಬಂದೈತಿ ಇದಕ್ಕೆ” ಎಂದಳು ಅಕ್ಕ. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ನಿಂತು, “ಜಡೆ ಬಿಟ್ಟೈತಿ ಅದು. ಕತ್ತರಿ ಹಾಕಬ್ಯಾಡ್ರವ್ವಾ” ಎಂದು ಎಚ್ಚರಿಸಿದರು.

ಈ ಉದ್ದಕೂದಲಿನ ಬೆಕ್ಕಿನ ಜಾಡು ಹಿಡಿದು ನಾನು ಒಂದಷ್ಟು ಹಳೆಯ ಪುಸ್ತಕ ತಿರುವಿದೆ. ದಾರಿ ಹೋಗಿ ಮುಟ್ಟಿದ್ದು ಎಲ್ಲಿಗೆ ಎನ್ನುತ್ತೀರಿ? ನಮ್ಮ ಇಕ್ಕೇರಿಗೆ! ರೋಮಿನ ಶ್ರೀಮಂತ ಮನೆತನದ ಪಿಯೆತ್ರೊ ದೆಲ್ಲಾ ವಲ್ಲೆ ಎಂಬಾತ 1614ರಲ್ಲಿ ವೆನಿಸ್ ಬಿಟ್ಟು ಪೂರ್ವದೇಶಗಳ ಪ್ರವಾಸಕ್ಕೆ ಹೊರಟ. 1620ರಲ್ಲಿ ಪರ್ಷಿಯಾದ ಇಸ್ಫಹಾನಿನಿಂದ ಬರೆದ ಒಂದು ಪತ್ರದಲ್ಲಿ ಆತ ಖುರಾಸಾನದ ಬೆಕ್ಕುಗಳನ್ನು ಮನಸೋತು ವರ್ಣಿಸಿದ್ದಾನೆ. ಬೂದು ಬಣ್ಣ, ರೇಷ್ಮೆಯಂತೆ ಮಿರುಗುವ ನುಣುಪಾದ ಉದ್ದ ಕೂದಲು, ಅಳಿಲಿನ ಹಾಗೆ ಬೆನ್ನಮೇಲೆ ಮಡಿಸಿಕೊಳ್ಳುವ ಪೊದೆಬಾಲ. ಈ ತಳಿಯನ್ನು ರೋಮಿಗೆ ಒಯ್ಯಬೇಕೆಂಬ ಆಸೆಯನ್ನೂ ಬರೆದುಕೊಂಡಿದ್ದಾನೆ. ಯುರೋಪಿನವರು ಪರ್ಷಿಯಾದ ಬೆಕ್ಕಿನ ಕಥೆ ಹೇಳುವಾಗ ಮೊದಲು ಹೆಸರಿಸುವುದು ಇವನನ್ನೇ.

ಇದೇ ಮನುಷ್ಯ 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ, ಸಾಗರದ ಹತ್ತಿರದ ಇಕ್ಕೇರಿಗೆ ಬಂದ. ಗೋವಿನಕೋವಿ ಇರುವ ಸೀಮೆಯೂ 1997ರಲ್ಲಿ ದಾವಣಗೆರೆಗೆ ಸೇರುವವರೆಗೆ ಇಕ್ಕೇರಿ ಇರುವ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಅವನು ನಮ್ಮೂರಿಗೇ ಬಂದುಹೋದ ನೆಂಟನಂತೆ ನನಗೆ ಕಂಡ. ಕಣ್ಣಿಗೆ ಬಿದ್ದ ಸಣ್ಣದನ್ನೂ ಬಿಡದೆ ಬರೆದಿಟ್ಟವನು ಆತ. ಘಟ್ಟದ ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಹುಡುಗರು ಮರಳು ಹರವಿ, ರಾಗವಾಗಿ ಹೇಳಿಕೊಳ್ಳುತ್ತ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದುದನ್ನು ಬರೆದಿದ್ದಾನೆ. ಇಕ್ಕೇರಿಯ ಬೀದಿಯಲ್ಲಿ ಹುಡುಗಿಯರು ತಲೆತುಂಬ ಹೂ ಮುಡಿದು ಬಣ್ಣದ ಕೋಲು ತಾಗಿಸುತ್ತ ಕುಣಿದುದನ್ನು ಬರೆದಿದ್ದಾನೆ. ಅಷ್ಟು ಹೊತ್ತಿಗೆ ಅವನ ಹೆಂಡತಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಆಕೆಯ ದೇಹವನ್ನು ಕೆಡದಂತೆ ಪೆಟ್ಟಿಗೆಯಲ್ಲಿಟ್ಟು ಕೊನೆಗೆ ರೋಮಿಗೆ ಒಯ್ದು ಮಣ್ಣು ಮಾಡಿದ.

ಇದನ್ನೆಲ್ಲ ಓದುವಾಗ ನನ್ನ ಹೆಣ್ಣುಮನಸ್ಸು ಕೇಳಿದ್ದು ಒಂದೇ ಪ್ರಶ್ನೆ. ಆ ಖುರಾಸಾನದ ಬೆಕ್ಕುಗಳನ್ನು ದಿನಾ ಬಾಚುತ್ತಿದ್ದವರು ಯಾರು?

ಆಮೇಲಿನ ಕಥೆ ಬೇಗ ಹೇಳಿಬಿಡಬಹುದು. ಮುಂದೆ ಮುಂಬಯಿಯ ಗವರ್ನರ್ ಆದ ಎಲ್ಫಿನ್‌ಸ್ಟನ್, 1815ರಲ್ಲಿ ಪ್ರಕಟವಾದ ತನ್ನ ಕಾಬೂಲಿನ ಪುಸ್ತಕದಲ್ಲಿ, ಅಲ್ಲಿಂದಲೂ ಉದ್ದಕೂದಲಿನ ಬೆಕ್ಕುಗಳು ಹೊರಗೆ ಮಾರಾಟಕ್ಕೆ ಹೋಗುತ್ತವೆ, ಎಲ್ಲ ಕಡೆ ಅವನ್ನು ಪರ್ಷಿಯಾದ ಬೆಕ್ಕು ಎಂದೇ ಕರೆಯುತ್ತಾರೆ ಎಂದ. 1871ರ ಜುಲೈಯಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವೈರ್ ಎಂಬ ಚಿತ್ರಗಾರ ಬೆಕ್ಕುಗಳ ದೊಡ್ಡ ಪ್ರದರ್ಶನ ನಡೆಸಿದ. ಅಲ್ಲಿಂದ ಮುಂದೆ ಕೂದಲಿಗೆ ಅಂಕ ಬಿತ್ತು. ಅಂಕ ಬಿದ್ದ ಮೇಲೆ ಕೇಳಬೇಕೆ? ತಲೆಮಾರಿನಿಂದ ತಲೆಮಾರಿಗೆ ಸಾಕುವವರು ಇನ್ನಷ್ಟು ಉದ್ದ, ಇನ್ನಷ್ಟು ದಟ್ಟ ಕೂದಲಿನ ಮರಿಗಳನ್ನೇ ಆರಿಸಿದರು. ಕೂದಲಿಗೆ ‘ಇನ್ನು ಸಾಕು, ನಿಲ್ಲು’ ಎಂದು ಹೇಳುವ ವಂಶವಾಹಿಯೊಂದು ಕೆಟ್ಟಿರುವುದೇ ಈ ಉದ್ದಕ್ಕೆ ಕಾರಣವೆಂದು ವಿಜ್ಞಾನಿಗಳು 2007ರಲ್ಲಿ ಕಂಡುಕೊಂಡರು.

ಕೂದಲು ಬೆಳೆಯಿತು, ನಾಲಗೆ ಬೆಳೆಯಲಿಲ್ಲ. ತೊಂದರೆ ಇರುವುದು ಇಲ್ಲೇ. ಬೆಕ್ಕಿನ ನಾಲಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ಸಣ್ಣ ಮುಳ್ಳುಗಳಿವೆ. ಅವುಗಳ ತುದಿ ಸೌಟಿನಂತೆ ಟೊಳ್ಳಾಗಿದ್ದು, ಎಂಜಲನ್ನು ಕೂದಲಿನ ಬುಡಕ್ಕೆ ಮುಟ್ಟಿಸುತ್ತವೆ ಎಂದು ಅಮೆರಿಕದ ಇಬ್ಬರು ಸಂಶೋಧಕರು 2018ರಲ್ಲಿ ತೋರಿಸಿದರು. ಮುಳ್ಳಿನ ಉದ್ದ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಮ್ಮ ನಾಟಿ ಬೆಕ್ಕಿಗೆ ಅದು ಬೇಕಾದಷ್ಟಾಯಿತು. ಪರ್ಷಿಯನ್ ಬೆಕ್ಕಿನ ದಟ್ಟಕೂದಲನ್ನು ದಾಟಿ ಚರ್ಮ ಮುಟ್ಟಲು ಅದು ಸಾಲದು. ಉದುರಿದ ಕೂದಲು ಒಳಗೇ ಉಳಿದು, ಧೂಳು ಎಂಜಲು ಕೂಡಿಕೊಂಡು, ಓಡಾಡುವಾಗ ಉಜ್ಜಿ ಉಜ್ಜಿ ಗಂಟಾಗುತ್ತದೆ. ಬೆಕ್ಕು ಸೋಮಾರಿ ಎಂದೋ, ಸಾಕಿದವಳು ಗಲೀಜು ಎಂದೋ ಆಡಿಕೊಳ್ಳುವವರಿಗೆ ಇದನ್ನು ಹೇಳಬೇಕು.

ಉಣ್ಣೆಯ ಗುಣ ಬಲ್ಲ ನಮ್ಮ ಕಂಬಳಿ ನೇಯುವ ಕುರುಬರಿಗೆ ಇದರಲ್ಲಿ ಹೊಸದೇನೂ ಕಾಣದು. ಪ್ರತಿ ಕೂದಲಿನ ಮೈಮೇಲೂ ಮೀನಿನ ಪೊರೆಯಂಥ ಹುರುಪೆಗಳಿವೆ. ನೀರು, ಶಾಖ, ತಿಕ್ಕಾಟ ಮೂರೂ ಸೇರಿದರೆ ಒಂದರ ಹುರುಪೆ ಇನ್ನೊಂದಕ್ಕೆ ಸಿಕ್ಕಿಕೊಂಡು ಬಿಗಿಯುತ್ತದೆ. ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ಉಜ್ಜಿ ಒಗೆದು, ಯಜಮಾನರ ಸ್ವೆಟರು ಮೊಮ್ಮಗನ ಅಳತೆಗೆ ಇಳಿದದ್ದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರುತ್ತೀರಿ. ಸಿಕ್ಕಾದ ಬೆಕ್ಕಿಗೆ ಮೊದಲೇ ಸ್ನಾನ ಮಾಡಿಸಿದರೂ ಹೀಗೇ ಆಗುತ್ತದೆ. ಸಿಕ್ಕು ಬಿಡಿಸಿದ ಮೇಲೆ ನೀರು.

ಇನ್ನು ಆ ನೆರೆಮನೆಯ ಅಜ್ಜಿಯ ಮಾತು. ಅದನ್ನು ಕೇಳಿ ನಗುವ ಹಾಗಿರಲಿಲ್ಲ. ಸವದತ್ತಿಯ ಕಡೆಯ ಬಡವರ ಮನೆಗಳಲ್ಲಿ ಹೆಣ್ಣುಮಗುವಿನ ತಲೆಯಲ್ಲಿ ಕೂದಲು ಗಂಟುಗಟ್ಟಿದರೆ ಯಲ್ಲಮ್ಮ ಕರೆದಳೆಂದು ನಂಬಿ, ಹಣಿಗೆ ಮುಟ್ಟಿಸದೆ, ಕೊನೆಗೆ ಆ ಮಗುವಿಗೆ ಮುತ್ತು ಕಟ್ಟಿಸಿದ್ದುಂಟು. ಹಾಗೆ ಮುತ್ತು ಕಟ್ಟುವುದನ್ನು ಕರ್ನಾಟಕ ಸರ್ಕಾರ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ಆಮೇಲೂ ಊರೂರು ಅಲೆದು, ತಾಯಂದಿರ ಮನವೊಲಿಸಿ, ತಲೆ ತೊಳೆದು, ಜಡೆ ಕತ್ತರಿಸಿದ ಕಾರ್ಯಕರ್ತೆಯರಿದ್ದಾರೆ. ದೂರದ ಪೋಲೆಂಡಿನ ರೈತರೂ ಜಡೆ ಕತ್ತರಿಸಿದರೆ ಕೇಡು ಬರುತ್ತದೆಂದು ಹೆದರಿ ವರ್ಷಗಟ್ಟಲೆ ಹೊತ್ತು ತಿರುಗುತ್ತಿದ್ದರು. 19ನೇ ಶತಮಾನದಲ್ಲಿ ಕ್ರಾಕೋವಿನ ವೈದ್ಯ ಯೂಸೆಫ್ ಡೀಟ್ಲ್ ಅದು ಬಾಚದೆ ಬಿಟ್ಟ ಕೂದಲಷ್ಟೇ ಎಂದು ಪಟ್ಟುಹಿಡಿದು ತೋರಿಸಬೇಕಾಯಿತು. ಗಂಟಿನ ಅಡಿಯಲ್ಲಿ ನೋಯುವ ಚರ್ಮವೊಂದು ಇದೆ ಎಂಬುದು ಎಲ್ಲ ಕಡೆಯೂ ಜನಕ್ಕೆ ಕೊನೆಗೇ ಕಂಡಿದೆ.

ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ಶುರು ಮಾಡಿದೆವು. ಅಜ್ಜಿ ಹೇಳಿದಂತೆಯೇ ಕತ್ತರಿಯನ್ನು ದೂರ ಇಟ್ಟೆವು, ಕಾರಣ ಮಾತ್ರ ಬೇರೆ. ಗಂಟನ್ನು ಎತ್ತಿ ಹಿಡಿದರೆ ತೆಳುವಾದ ಚರ್ಮವೂ ಡೇರೆಯಂತೆ ಅದರೊಳಗೆ ಎದ್ದು ಬರುತ್ತದೆ. ಕೂದಲೆಂದು ಕತ್ತರಿಸಿದರೆ ಚರ್ಮವೇ ಹರಿಯುತ್ತದೆ. ಅಕ್ಕ ಬೆಕ್ಕನ್ನು ಹಳೇ ಪಂಚೆಯಲ್ಲಿ ಸುತ್ತಿ ಮಡಿಲಲ್ಲಿ ಹಿಡಿದಳು. ಸಣ್ಣ ಗಂಟುಗಳಿಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಚರ್ಮ ಜಗ್ಗದಂತೆ ಗಂಟಿನ ಬುಡವನ್ನು ಎರಡು ಬೆರಳಲ್ಲಿ ಬಿಗಿಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವಾಗಿ ಬೆರಳಲ್ಲೇ ಬಿಡಿಸಿ, ಆಮೇಲೆ ಅಗಲ ಹಲ್ಲಿನ ಹಣಿಗೆ ಆಡಿಸಿದೆವು. ಹುಡುಗಿಯರ ಸಿಕ್ಕು ಬಿಡಿಸಿದ ಕೈಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಐದು ನಿಮಿಷ ಕೆಲಸ, ಬೆಕ್ಕು ಬಾಲ ಬಡಿಯತೊಡಗಿದರೆ ಬಿಡುವು. ಹೀಗೆ ಎರಡು ದಿನ ಹಿಡಿಯಿತು.

ಕಂಕುಳು, ಹಿಂದೊಡೆಯ ಹಲಗೆಗಳು ಬೆರಳಿಗೆ ಜಗ್ಗಲಿಲ್ಲ. ಅಂಥದಕ್ಕೆ ಮನೆಮದ್ದಿಲ್ಲ. ಪಶುವೈದ್ಯರು ಮಂಪರಿನ ಮದ್ದು ಕೊಟ್ಟು ಮಷಿನ್ನಿನಿಂದ ಬುಡಸಮೇತ ಬೋಳಿಸಿದರು. ಅಡಿಯಲ್ಲಿ ಚರ್ಮ ಕೆಂಪಾಗಿ, ಒಂದು ಕಡೆ ಹುಣ್ಣಾಗಿತ್ತು. ಅದನ್ನು ಕಂಡು ಅಜ್ಜಿಯೇ, “ಅಯ್ಯೋ, ಇಷ್ಟು ನೋವು ಇಟ್ಕೊಂಡು ಸುಮ್ನಿತ್ತಲ್ಲ ಮೂಕಪ್ರಾಣಿ” ಎಂದು ಅದರ ಹಣೆ ಸವರಿದರು. ಕಚ್ಚಲು ಬಂದದ್ದು ಸಿಟ್ಟಿನಿಂದಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ಹುಣ್ಣು ಮಾಯ್ದ ವಾರದಲ್ಲೇ ಬೆಕ್ಕು ಕಿಟಕಿಗೆ ಹಾರಿತಂತೆ.

ಅಕ್ಕನ ಬೆರಳು ದಿನಾ ಹಣಿಗೆ ಹಿಡಿಯಲಾರವು. ಆ ಕೆಲಸ ಈಗ ನಮ್ಮ ಭಾವನವರದು. ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಒಂದು ದಿನವೂ ಜಡೆ ಹಾಕದ ಮನುಷ್ಯ ಸಂಜೆ ವಾರ್ತೆ ಕೇಳುತ್ತ ಬೆಕ್ಕಿನ ಮೈ ಬಾಚುತ್ತಾರೆ.

ಉದ್ದಕೂದಲನ್ನು ಅದಕ್ಕೆ ಕೊಟ್ಟವರು ಮನುಷ್ಯರು, ಬಾಚುವ ಋಣವೂ ಮನುಷ್ಯರದೇ. ಅಂಥ ಮರಿ ತರಬೇಕೆಂದು ನಿಮ್ಮ ಮನೆಯಲ್ಲಿ ಮಕ್ಕಳು ಹಟ ಹಿಡಿದರೆ ಬೇಡವೆನ್ನಬೇಕಿಲ್ಲ, ಒಂದು ಲೆಕ್ಕ ಮಾತ್ರ ಮುಂದಿಡಿ. ದಿನಕ್ಕೆ ಹತ್ತು ನಿಮಿಷ ಬಾಚಿದರೂ ಬೆಕ್ಕಿನ ಹದಿನೈದು ವರ್ಷದ ಆಯಸ್ಸಿಗೆ 900 ಗಂಟೆಗೂ ಮೇಲಾಗುತ್ತದೆ. ಆ ಗಂಟೆಗಳು ಯಾರ ಕೈಯವು ಎಂಬುದನ್ನು ಮರಿ ತರುವ ಮುಂಚೆಯೇ ಮನೆಮಂದಿಯೆಲ್ಲ ಕೂತು ಮಾತಾಡಿಕೊಳ್ಳಿ.