ಡಾಕ್ಟೊರಲ್ ಸಲಹಾ ಸಮಿತಿ

ಪಿಎಚ್.ಡಿ. ಸಂಶೋಧನೆಗೆ ವಿಷಯದ ಆಯ್ಕೆಯಿಂದ ಮಹಾಪ್ರಬಂಧದ ಸಲ್ಲಿಕೆಯವರೆಗೆ ದಾರಿ ತೋರಿ, ಅದರ ಪ್ರಗತಿಯನ್ನು ಪರಿಶೀಲಿಸುವ ಅಧ್ಯಾಪಕರ ಮಂಡಳಿ.

ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಈ ಪದವಿ ಸಂಶೋಧನೆಯ ಪದವಿಯಾಗಿ ರೂಪುಗೊಂಡಾಗ ವಿದ್ಯಾರ್ಥಿ ಮುಖ್ಯವಾಗಿ ಒಬ್ಬ ಪ್ರಾಧ್ಯಾಪಕರನ್ನೇ ನೆಚ್ಚಿರುತ್ತಿದ್ದ. ಅಮೆರಿಕದಲ್ಲಿ ಯೇಲ್ 1861ರಲ್ಲಿ ಮೊದಲ ಪಿಎಚ್.ಡಿ.ಗಳನ್ನು ನೀಡಿತು; 1876ರಲ್ಲಿ ಆರಂಭವಾದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನಾ ಶಿಕ್ಷಣವನ್ನೇ ತನ್ನ ಮುಖ್ಯ ಕೆಲಸವಾಗಿಸಿಕೊಂಡಿತು. ಮುಂದೆ ಅಮೆರಿಕದಲ್ಲಿ ಬೆಳೆದ ಪದ್ಧತಿಯಲ್ಲಿ ಮಾರ್ಗದರ್ಶನ ಮಾಡುವ ಸಮಿತಿಯೇ ಸಾಮಾನ್ಯವಾಗಿ ಪ್ರಬಂಧವನ್ನೂ ಒಪ್ಪುತ್ತದೆ. 1917ರಲ್ಲಿ ಆಕ್ಸ್‌ಫರ್ಡ್ ಡಿ.ಫಿಲ್. ಆರಂಭಿಸಿದ ಬ್ರಿಟನ್ನಿನಲ್ಲಿ ಮಾರ್ಗದರ್ಶಕರು ಬೇರೆ, ಪರೀಕ್ಷಕರು ಬೇರೆ.

ಭಾರತಕ್ಕೆ ಎರಡೂ ಬಂದವು. ಹಳೆಯ ವಿಶ್ವವಿದ್ಯಾಲಯಗಳಲ್ಲಿ ಒಬ್ಬರೇ 'ಗೈಡ್' ಇರುವ ಪದ್ಧತಿ ಬೇರೂರಿತು. ಅದನ್ನು ಹಗುರವಾಗಿ ಕಾಣುವಂತಿಲ್ಲ: ತೀ.ನಂ. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ ಎಂ. ಚಿದಾನಂದಮೂರ್ತಿಯವರು ಸಿದ್ಧಪಡಿಸಿದ, ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದ ಮಹಾಪ್ರಬಂಧ ಇಂದಿಗೂ ಆಕರಗ್ರಂಥ. ಆದರೆ ಅಂಥ ಗುರು ಎಲ್ಲರಿಗೂ ಸಿಗುವುದಿಲ್ಲ. ಅಮೆರಿಕದ ಮಾದರಿಯಲ್ಲಿ ಕಟ್ಟಿದ ಪಂತನಗರ (1960), ಬೆಂಗಳೂರು (1964) ಮುಂತಾದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಲಹಾ ಸಮಿತಿ ರೂಢಿಗೆ ಬಂತು. ಪ್ರಧಾನ ವಿಷಯದವರ ಜೊತೆ ಪೂರಕ ವಿಷಯದವರೂ ಅದರಲ್ಲಿ ಕೂರುವುದರಿಂದ, ತಳಿ ಅಭಿವೃದ್ಧಿಯ ಪ್ರಯೋಗವೊಂದರ ಸಂಖ್ಯಾಶಾಸ್ತ್ರೀಯ ದೋಷ ಬಿತ್ತನೆಗೆ ಮೊದಲೇ ಕಣ್ಣಿಗೆ ಬೀಳಬಹುದು. ಕೊಯ್ಲಾದ ಮೇಲೆ ಕಂಡರೆ ಒಂದು ಹಂಗಾಮೇ ವ್ಯರ್ಥ.

ಉಳಿದ ವಿಶ್ವವಿದ್ಯಾಲಯಗಳಿಗೆ ಸಂಶೋಧನಾ ಸಲಹಾ ಸಮಿತಿಯನ್ನು ಅಥವಾ ಅದಕ್ಕೆ ಸಮಾನವಾದ ಮಂಡಳಿಯನ್ನು ಕಡ್ಡಾಯಗೊಳಿಸಿದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ನಿಯಮಾವಳಿ. ಸಂಶೋಧನಾ ಪ್ರಸ್ತಾವವನ್ನು ಪರಿಶೀಲಿಸಿ ವಿಷಯವನ್ನು ಅಂತಿಮಗೊಳಿಸುವುದು, ಅಧ್ಯಯನದ ವಿಧಾನ ರೂಪಿಸಲು ನೆರವಾಗುವುದು, ಆರು ತಿಂಗಳಿಗೊಮ್ಮೆ ಪ್ರಗತಿಯನ್ನು ವಿಮರ್ಶಿಸುವುದು ಅದರ ಹೊಣೆ. ಪ್ರಗತಿ ತೃಪ್ತಿಕರವಲ್ಲದಿದ್ದರೆ ಕಾರಣಗಳನ್ನು ದಾಖಲಿಸಿ ತಿದ್ದುವ ಕ್ರಮ ಸೂಚಿಸಬೇಕು. ವಿದ್ಯಾರ್ಥಿ ಅದನ್ನೂ ಪಾಲಿಸದಿದ್ದಾಗ ಮಾತ್ರ ನೋಂದಣಿ ರದ್ದತಿಗೆ ಶಿಫಾರಸು ಮಾಡಬಹುದು. ಪ್ರಬಂಧ ಸಲ್ಲಿಕೆಗೆ ಮೊದಲು ಸಮಿತಿಯ ಮುಂದೆ ನಡೆಯುವ ಮಂಡನೆಗೆ ಇತರ ಅಧ್ಯಾಪಕರೂ ಸಂಶೋಧಕರೂ ಬರಬಹುದು. ಅಂತಿಮ ಮೌಲ್ಯಮಾಪನದಲ್ಲಿ ಮಾರ್ಗದರ್ಶಕರ ಜೊತೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರಿರುತ್ತಾರೆ; ಕೊನೆಗೆ ಮೌಖಿಕ ಪರೀಕ್ಷೆ. 2022ರ ನಿಯಮಾವಳಿಯೂ ಸಮಿತಿಯನ್ನು ಉಳಿಸಿಕೊಂಡಿದೆ.

ಈ ವ್ಯವಸ್ಥೆಯ ದುರ್ಬಲ ಕೊಂಡಿ ಸಮಿತಿಯ ಸಂಚಾಲಕ ಸ್ಥಾನ. ಅದರಲ್ಲಿರುವವರು ಮಾರ್ಗದರ್ಶಕರೇ. ಅವರೊಂದಿಗೆ ಭಿನ್ನಾಭಿಪ್ರಾಯ ಬಂದಾಗ ವಿದ್ಯಾರ್ಥಿಯ ಮಾತಿಗೆ ಕಿವಿಗೊಡಬೇಕಾದವರು ಉಳಿದ ಸದಸ್ಯರು. ಅವರು ವರದಿ ಓದದೆ ಸಹಿ ಹಾಕಿದರೆ ವಿದ್ಯಾರ್ಥಿ ಮತ್ತೆ ಒಬ್ಬರ ಕೈಗೇ ಸಿಕ್ಕಂತೆ.