ತೂಬು ಮುಚ್ಚಿದ ಕೆರೆ: ಸ್ಕಂದಗಿರಿಯ ಸುತ್ತ ಬೆಂಗಳೂರಿನ ನೀರು

ಪಾಪಾಗ್ನಿ ಮಠದ ಬಳಿಯಿಂದ ಸ್ಕಂದಗಿರಿ ಹತ್ತುವವರು ಬರುವುದು ನಸುಕಿನ ಮಂಜು ನೋಡಲು. ಮಂಜು ಕರಗಿದ ಮೇಲೆ ಕೆಳಗೆ ಕಾಣುವುದನ್ನು ನೋಡುತ್ತ ನಿಲ್ಲುವವರು ಕಡಿಮೆ. ಬಯಲಿನಲ್ಲಿ ಅಲ್ಲಲ್ಲಿ ಕೆರೆ, ಅವುಗಳ ನಡುವೆ ಪಾಲಿಹೌಸ್‌ಗಳ ಬಿಳಿ ಹೊದಿಕೆ, ಬೆಂಗಳೂರಿನ ಕಡೆಯಿಂದ ಬರುವ ಹೆದ್ದಾರಿ, ಅದರ ಮಗ್ಗುಲಲ್ಲಿ ಕಲ್ಲು ನೆಟ್ಟ ಬಡಾವಣೆ. ಈ ಲೇಖನದ ವಿಷಯ ಆ ಕೆರೆಗಳು. ಅವುಗಳಲ್ಲಿ ಈಗ ನಿಂತಿರುವ ನೀರನ್ನು ಏನೆಂದು ಕರೆಯಬೇಕು, ಅದು ಯಾರದು ಎಂಬ ಪ್ರಶ್ನೆಗಳನ್ನು ಬಿಡಿಸಿ ನೋಡುವುದು ಇಲ್ಲಿನ ಉದ್ದೇಶ.

ವಿವಾದವಿಲ್ಲದ ಸಂಗತಿಗಳನ್ನು ಬೇಗ ಮುಗಿಸಿಬಿಡೋಣ. ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಇವೆಲ್ಲ ಹುಟ್ಟುವುದು ನಂದಿ ಬೆಟ್ಟಗಳ ಆಸುಪಾಸಿನಲ್ಲಿ. ಆದರೂ ಇಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ವಾರ್ಷಿಕ ಮಳೆ ಸರಾಸರಿ 750 ಮಿ.ಮೀ. ಆಸುಪಾಸು. ಆ ಮಳೆಯನ್ನು ಹಿಡಿದಿಡಲು ಕಟ್ಟಿದ್ದು ಕೆರೆ. ಅಂತರ್ಜಲದ ಲೆಕ್ಕದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ‘ಅತಿಬಳಕೆ’ಯ ಪಟ್ಟಿಯಲ್ಲಿವೆ, ಸಾವಿರ ಅಡಿ ದಾಟಿದ ಬೋರು ಇಲ್ಲಿ ಸುದ್ದಿಯೇ ಅಲ್ಲ. ನೀರು ಹೀಗೆ ಪಾತಾಳಕ್ಕಿಳಿದದ್ದು ಏಕೆ ಎಂಬುದರ ಚರ್ಚೆಯೂ ಹಳೆಯದು. ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ, 1981ರಲ್ಲಿ, ವಂದನಾ ಶಿವ, ಶರತ್ಚಂದ್ರ ಮತ್ತು ಜಯಂತ ಬಂದ್ಯೋಪಾಧ್ಯಾಯ ರಾಗಿ ಹೊಲಗಳನ್ನು ನೀಲಗಿರಿ ತೋಪು ನುಂಗುತ್ತಿರುವುದನ್ನು ದಾಖಲಿಸಿದರು. 1990ರ ದಶಕದ ಆರಂಭದಲ್ಲಿ ಇಯಾನ್ ಕಾಲ್ಡರ್ ತಂಡ ಆ ಮರಗಳ ಬೇರಿನ ಆಳವನ್ನೂ ನೀರಿನ ಬಳಕೆಯನ್ನೂ ಅಳೆಯಿತು. 2017ರಲ್ಲಿ ಸರ್ಕಾರವೇ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಭಾರತದ ಮೊದಲ ನೀಲಗಿರಿ ಸಸಿಗಳನ್ನು ಸುಮಾರು 1790ರಲ್ಲಿ ಟಿಪ್ಪು ನೆಡಿಸಿದ್ದು ಇದೇ ನಂದಿ ಬೆಟ್ಟದ ತೋಟದಲ್ಲಿ ಎಂದು ಹೇಳುತ್ತಾರೆ, ಅಂದರೆ ಮದ್ದು ಹುಡುಕುತ್ತ ಹೊರಟವರು ತಿರುಗಿ ರೋಗ ಶುರುವಾದ ಮನೆಗೇ ಬಂದಂತಾಯಿತು. ಅರ್ಕಾವತಿ ಏಕೆ ಬತ್ತಿತು ಎಂದು ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಹಲವು ಕಾರಣಗಳನ್ನು ಒಂದೊಂದಾಗಿ ತೂಗಿ, ಮಳೆಗಿಂತ ಮನುಷ್ಯನ ಕೈವಾಡವೇ ಹೆಚ್ಚೆಂದು ಕಂಡಿತು: ಕೊಳವೆಬಾವಿ, ನೀಲಗಿರಿ, ಹಳ್ಳಕ್ಕೆ ಅಡ್ಡಲಾದ ಕಟ್ಟೆಗಳು. ಇಷ್ಟರ ಮಟ್ಟಿಗೆ ನನ್ನ ತಕರಾರಿಲ್ಲ.

ತಕರಾರು ಶುರುವಾಗುವುದು ಎಚ್.ಎನ್. ವ್ಯಾಲಿಯಿಂದ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 21 ಕೋಟಿ ಲೀಟರಿನಂತೆ 65 ಕೆರೆಗಳಿಗೆ ಪಂಪ್ ಮಾಡುವ ಯೋಜನೆ ಇದು. ಚಿಕ್ಕಬಳ್ಳಾಪುರದ ಕಂದವಾರ ಕೆರೆಯೂ ಆ ಪಟ್ಟಿಯಲ್ಲಿದೆ. (ಇಲ್ಲಿನವರ ಬಾಯಲ್ಲಿ ‘ವ್ಯಾಲಿ’ ಎಂದರೆ ಕಣಿವೆಯಲ್ಲ, ನೀರು. “ನಮ್ಮ ಕೆರೆಗೆ ವ್ಯಾಲಿ ಬಂದೈತೆ” ಎನ್ನುತ್ತಾರೆ.) ದಾರಿಯನ್ನು ಗಮನಿಸಬೇಕು. ತೊರೆಕಾಡನಹಳ್ಳಿಯಿಂದ ಎತ್ತಿ ತಂದ ಕಾವೇರಿ ನೀರು ಬೆಂಗಳೂರಿನಲ್ಲಿ ಬಳಕೆಯಾಗಿ ಕೊಳಚೆಯಾಗುತ್ತದೆ. ಹೆಬ್ಬಾಳದ ಕಣಿವೆ ಸಹಜವಾಗಿ ದಕ್ಷಿಣ ಪಿನಾಕಿನಿಗೆ ಇಳಿಯುವಂಥದ್ದು. ಈಗ ಆ ನೀರನ್ನು ಪಿನಾಕಿನಿ ಹುಟ್ಟುವ ಬೆಟ್ಟದ ಬುಡಕ್ಕೇ ಮತ್ತೆ ಏರಿಸುತ್ತಿದ್ದಾರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಹೋದದ್ದು ನಂದಿಯಲ್ಲಿ ಹುಟ್ಟಿದ ಅರ್ಕಾವತಿಯ ನೀರು. ನೂರಕ್ಕೂ ಹೆಚ್ಚು ವರ್ಷದ ನಂತರ ನಗರ ಆ ಸಾಲ ತೀರಿಸುತ್ತಿದೆ, ಬೇರೆ ನದಿಯ ನೀರಿನಲ್ಲಿ.

ಯೋಜನೆಯ ಪರವಿರುವವರ ಮುಖ್ಯ ಸಾಕ್ಷಿ ಅಂತರ್ಜಲದ ಏರಿಕೆ. ಕೋಲಾರದ ಅವಳಿ ಯೋಜನೆ ಕೆ.ಸಿ. ವ್ಯಾಲಿಯ ಪ್ರದೇಶದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಇದನ್ನು ತೋರಿಸಿದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ವಿರೋಧಿಗಳ ಮುಖ್ಯ ಸಾಕ್ಷಿ ಗುಣಮಟ್ಟ. 2018ರ ಜುಲೈನಲ್ಲಿ ಅದೇ ಕೆ.ಸಿ. ವ್ಯಾಲಿಯ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ನ್ಯಾಯಾಲಯಕ್ಕೆ ಹೋದರು. ಹೈಕೋರ್ಟಿನಲ್ಲಿ ಒಮ್ಮೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಮ್ಮೆ ತಡೆಯಾಜ್ಞೆ ಬಂದು ತೆರವಾಯಿತು. ಮೂರನೇ ಹಂತದ ಶುದ್ಧೀಕರಣದ ಬೇಡಿಕೆ ಮಾತ್ರ ಹಾಗೇ ಉಳಿದಿದೆ.

ನೀರು ಎಷ್ಟು ಏರಿತು, ಎಷ್ಟು ಕೆಟ್ಟಿತು ಎಂಬ ಈ ಎರಡು ವಾದಗಳೂ ಒಂದು ಮಾತನ್ನು ಪರೀಕ್ಷಿಸದೆ ಒಪ್ಪಿಕೊಂಡಿವೆ: ಕೆರೆ ತುಂಬಿದರೆ ಕೆರೆ ಮರಳಿ ಬದುಕಿತು ಎಂಬುದು. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಾಗಿಲ್ಲ, ಕೆರೆಯ ತೂಬಿನ ಮುಂದೆ ಹೋಗಿ ನಿಂತರೆ ಸಾಕು.

ಹಳೆಯ ತೂಬು ಎಂದರೆ ಏರಿಯ ಒಳಮೈಯಲ್ಲಿ ನೀರೊಳಗೆ ನಿಂತ ಎರಡು ಕಲ್ಲು ಕಂಬ, ಅವುಗಳ ನಡುವೆ ಅಡ್ಡಹಾಸು, ತಳದಲ್ಲಿ ಕಂಡಿ, ಕಂಡಿಗೆ ಬಡಿದ ಗೂಟ. ಗೂಟ ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದು ನೀರಗಂಟಿಯ ಕೆಲಸ, ಅದಕ್ಕೆ ಅವನಿಗೆ ಸುಗ್ಗಿಯಲ್ಲಿ ಕಾಳು. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಭಾಗಕ್ಕೆ ಭತ್ತ, ಎಷ್ಟು ಭಾಗಕ್ಕೆ ರಾಗಿ ಎಂದು ಊರವರು ಕೂತು ತೀರ್ಮಾನಿಸುತ್ತಿದ್ದರು. ತೂಬಿನ ಕಂಬದ ಯಾವ ಹಾಸಿನವರೆಗೆ ನೀರಿದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತಿದ್ದ ಸಂಗತಿಯಾದ್ದರಿಂದ ಈ ತೀರ್ಮಾನ ಸಾಧ್ಯವಿತ್ತು.

ವ್ಯಾಲಿ ನೀರನ್ನು ಬಿಟ್ಟಿರುವುದು ಅಂತರ್ಜಲ ಮರುಪೂರಣಕ್ಕೆ ಮಾತ್ರ. ಕುಡಿಯಲು, ಹೊಲಕ್ಕೆ ನೇರವಾಗಿ ಹಾಯಿಸಲು ಅದನ್ನು ಬಳಸುವಂತಿಲ್ಲ. ಆರೋಗ್ಯದ ದೃಷ್ಟಿಯಿಂದ ಈ ನಿಯಮ ಸರಿಯೇ. ಆದರೆ ಅದರ ಪರಿಣಾಮವೆಂದರೆ ತೂಬು ಮುಚ್ಚಿಯೇ ಇರಬೇಕು. ಕೆರೆಯಿಂದ ಹೊಲಕ್ಕೆ ನೀರು ಹೋಗಲು ಕಟ್ಟಿದ ಒಂದೇ ಬಾಗಿಲಿಗೆ ನಿಯಮವೇ ಬೀಗ ಹಾಕಿದೆ. ನೀರಿಗೆ ಈಗ ಉಳಿದ ದಾರಿ ಕೆರೆಯ ತಳ, ಕೆಳಗಿನ ಬಂಡೆಯ ಸೀಳು, ಅಲ್ಲಿಂದ ಯಾರ ಬೋರು ಆಳವೋ ಅವರ ಪಂಪು. ಆದ್ದರಿಂದ ನನ್ನ ವಾದ ಇಷ್ಟು: ಈ ಯೋಜನೆ ಕೆರೆಯನ್ನು ತುಂಬಿತು, ಕೆರೆ ವ್ಯವಸ್ಥೆಯನ್ನು ಪುನಃ ಸ್ಥಾಪಿಸಲಿಲ್ಲ. ನೀರಿನ ಹಕ್ಕು ಅಚ್ಚುಕಟ್ಟಿನಿಂದ ಕೊಳವೆಬಾವಿಗೆ ಜಾರಿದ್ದನ್ನು ಅದು ಕಾಯಂಗೊಳಿಸಿತು.

‘ಕಾಯಂಗೊಳಿಸಿತು’ ಎಂಬ ಪದವನ್ನು ಯೋಚಿಸಿಯೇ ಬಳಸಿದ್ದೇನೆ. ಜಾರುವಿಕೆಯನ್ನು ಶುರು ಮಾಡಿದ್ದು ಈ ಯೋಜನೆಯಲ್ಲ. ಎಷ್ಟೋ ಕಡೆ ಕೆರೆಗಳು ಅದಕ್ಕೂ ಮುಂಚೆಯೇ ವರ್ಷಗಟ್ಟಲೆ ಖಾಲಿ ಬಿದ್ದಿದ್ದವು, ಗೂಟ ಎತ್ತಲು ನೀರೇ ಇರಲಿಲ್ಲ. ಅಚ್ಚುಕಟ್ಟಿನ ರೈತರಲ್ಲೂ ಬೋರು ಹಾಕಿಸಿದವರಿದ್ದಾರೆ, ಅವರಿಗೆ ಅನುಕೂಲವೇ ಆಗಿದೆ. ಹಿಂದೆಯೂ ಕೆರೆಯ ನೀರು ಇಂಗಿ ಕೆಳಗಿನ ತೆರೆದ ಬಾವಿಗಳಿಗೆ ಸೇರುತ್ತಿತ್ತು, ಮರುಪೂರಣ ಹೊಸ ಕಲ್ಪನೆಯೇನೂ ಅಲ್ಲ. ಬಂಡೆಯ ಫ್ಲೋರೈಡ್ ತುಂಬಿದ ಆಳದ ನೀರಿಗೆ ಮೇಲಿನ ನೀರು ಬೆರೆತರೆ ತೀವ್ರತೆ ತಗ್ಗುವ ಸಾಧ್ಯತೆಯನ್ನು ವಿರೋಧಿಗಳು ಹಗುರವಾಗಿ ಬಿಟ್ಟಿದ್ದಾರೆ ಎಂದೂ ನನಗನ್ನಿಸುತ್ತದೆ. ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ವ್ಯತ್ಯಾಸ ಉಳಿಯುತ್ತದೆ. ಕಾಣುವ ನೀರನ್ನು ಊರು ಹಂಚಿಕೊಳ್ಳಬಲ್ಲದು. ಕಾಣದ ನೀರನ್ನು ಹಂಚುವ ಪಂಚಾಯಿತಿ ಎಲ್ಲೂ ಇಲ್ಲ. ಬೋರು ಕೊರೆಸುವ ಶಕ್ತಿ ಇಲ್ಲದ ಅರ್ಧ ಎಕರೆಯ ಅಚ್ಚುಕಟ್ಟುದಾರನಿಗೆ ತುಂಬಿದ ಕೆರೆ ನೋಡುವ ಭಾಗ್ಯ ಮಾತ್ರ.

ಇನ್ನೊಂದು ಬದಲಾವಣೆ ಇದಕ್ಕೆ ಅಂಟಿಕೊಂಡೇ ಬಂದಿದೆ. ಬಯಲುಸೀಮೆಯ ಕೆರೆ ಬೇಸಿಗೆಯಲ್ಲಿ ಬತ್ತುವಂಥದ್ದು. ಬತ್ತಿದಾಗ ಅಂಗಳದಲ್ಲಿ ದನ ಮೇಯುತ್ತಿದ್ದವು, ರೈತರು ಗಾಡಿ ಕಟ್ಟಿ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಕೆರೆಗೆ ಅದು ಹೂಳೆತ್ತುವಿಕೆ, ಹೊಲಕ್ಕೆ ಗೊಬ್ಬರ. ದಿನವೂ ಪಂಪಿನ ನೀರು ಬೀಳುವ ಕೆರೆ ಬತ್ತುವುದಿಲ್ಲ. ಎರಡನೇ ಹಂತದ ಶುದ್ಧೀಕರಣದಲ್ಲಿ ಪೂರ್ತಿ ಹೋಗದ ಸಾರಜನಕ, ರಂಜಕ ವರ್ಷವರ್ಷವೂ ಅಲ್ಲೇ ಕೂರುತ್ತವೆ, ಅವನ್ನು ಹೊರಗೆ ಸಾಗಿಸುತ್ತಿದ್ದ ಗಾಡಿ ನಿಂತಿದೆ. ಬತ್ತದ ಕೆರೆಯನ್ನು ಸಮೃದ್ಧಿಯೆಂದು ಓದುವುದು ಮಲೆನಾಡಿನ ಕಣ್ಣು. ಇಲ್ಲಿನ ಕೆರೆಗೆ ಬತ್ತುವುದೂ ಒಂದು ಕೆಲಸವಾಗಿತ್ತು.

ಕೈಗಾರಿಕೆಯ ಕಡೆಯಿಂದ ಒಂದೇ ಮಾತು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯಲು ನೀರು ಬೇಕು, ನೀರು ಗಡಸಾದರೆ ನೂಲಿನ ಗುಣವೂ ಕೆಡುತ್ತದೆ. ಪ್ರಯೋಗಾಲಯದ ವರದಿಗೆ ಮೊದಲೇ ನೀರಿನ ಬದಲಾವಣೆಯನ್ನು ಕೈಯಲ್ಲಿ ಹಿಡಿದು ನೋಡಬಲ್ಲವರು ರೀಲರ್‌ಗಳು. ಅವರನ್ನು ಕೇಳದೆ ಗುಣಮಟ್ಟದ ಚರ್ಚೆ ಮುಗಿಯಿತೆಂದು ಎರಡೂ ಪಕ್ಷ ಭಾವಿಸಿದರೆ ಅದು ಅವಸರವಾದೀತು.

ಮುಕ್ತವಾಗಿ ಉಳಿಯುವ ಪ್ರಶ್ನೆಗಳಿವೆ. ಏರಿದ ಅಂತರ್ಜಲ ಎಷ್ಟು ದಿನ ಏರಿಯೇ ಇರುತ್ತದೆ? ಅಥವಾ ಬೆಂಗಳೂರಿನ ಮಾರುಕಟ್ಟೆಗೆ ಹೋಗುವ ಟೊಮೆಟೊ, ದ್ರಾಕ್ಷಿ, ಗುಲಾಬಿಯ ರೂಪದಲ್ಲಿ ಬಂದ ದಾರಿಯಲ್ಲೇ ಹಿಂತಿರುಗುತ್ತದೆಯೇ? 24.01 ಟಿಎಂಸಿಯ ಎತ್ತಿನಹೊಳೆ ಯೋಜನೆಯ ನೀರು ಈ ಕಡೆಗೆ ಬಂದ ದಿನ ತೂಬು ತೆರೆಯಬಹುದೇ, ಅಥವಾ ಅಷ್ಟು ಹೊತ್ತಿಗೆ ಕಾಲುವೆಗಳ ಜಾಡೇ ಉಳಿದಿರುವುದಿಲ್ಲವೇ? ಉತ್ತರಕ್ಕೆ ಬೇಕಾದ ಮೊದಲ ಲೆಕ್ಕ ಸಣ್ಣದು. ಪಟ್ಟಿಯ ಪ್ರತಿ ಕೆರೆಗೂ ಮೂರು ಸಂಗತಿ ಬರೆದುಕೊಳ್ಳಬೇಕು: ತೂಬಿನ ಸ್ಥಿತಿ, ಅಂಗಳ ಕೊನೆಯ ಬಾರಿ ಬತ್ತಿದ ವರ್ಷ, ಅಚ್ಚುಕಟ್ಟಿನಲ್ಲಿ ಬೋರು ಇಲ್ಲದ ಹಿಡುವಳಿಗಳು. ಸರ್ವೆ ನಕ್ಷೆ ಹಿಡಿದ ಒಬ್ಬ ವಿದ್ಯಾರ್ಥಿ, ಗೂಟ ಎತ್ತಿ ಗೊತ್ತಿರುವ ಒಬ್ಬ ನೀರಗಂಟಿ ಜೊತೆಯಾದರೆ ಇದು ಒಂದು ಬೇಸಿಗೆಯ ಕೆಲಸ. ಗೂಟ ಎತ್ತಿ ಗೊತ್ತಿರುವವರಿಗೆ ಈಗಾಗಲೇ ವಯಸ್ಸಾಗಿದೆ, ಆದ್ದರಿಂದ ಬರುವ ಬೇಸಿಗೆಯಲ್ಲೇ ಶುರುವಾಗಲಿ.