ಅಡಿಕೆಯ ಬೇರುಹುಳು ಮತ್ತು ‘ಹೊಂಚುಗಾರ’ ಜಂತುಹುಳು: ಒಂದು ಮರುಪರಿಶೀಲನೆ

ಕರಾವಳಿ ಮತ್ತು ಮಲೆನಾಡಿನ ಅಡಿಕೆ ತೋಟಗಳಲ್ಲಿ ಲ್ಯೂಕೋಫೋಲಿಸ್ ಕುಲದ ಬೇರುಹುಳುಗಳು ಎಳೆಬೇರುಗಳನ್ನು ತಿಂದು ಮರವನ್ನು ಸೊರಗಿಸುತ್ತವೆ. ಇವುಗಳ ಹತೋಟಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸ್ಟೈನರ್ನಿಮಾ ಕಾರ್ಪೊಕ್ಯಾಪ್ಸೆ ಎಂಬ ಜಂತುಹುಳುವನ್ನು ಶಿಫಾರಸು ಮಾಡಿದೆ. ಪ್ರಮಾಣ ಹೆಕ್ಟೇರಿಗೆ 150 ಕೋಟಿ ಸೋಂಕುಮರಿಗಳು (ಕೀಟದೊಳಕ್ಕೆ ಹೊಗುವ ಹಂತದ ಜಂತುಹುಳು ಮರಿಗಳು). ಮರಗಳ ನಡುವಿನ ಜಾಗದಲ್ಲಿ 5ರಿಂದ 10 ಸೆಂ.ಮೀ. ಆಳಕ್ಕೆ ಸೇರಿಸಬೇಕು.

ಕೊಲ್ಲುವ ಬಗೆಯಲ್ಲಿ ವಿವಾದವಿಲ್ಲ. ಸೋಂಕುಮರಿ ಬಾಯಿ, ಗುದ ಅಥವಾ ಉಸಿರುರಂಧ್ರದಿಂದ ಒಳಹೊಕ್ಕು ಝೀನೋರ‍್ಯಾಬ್ಡಸ್ ಬ್ಯಾಕ್ಟೀರಿಯವನ್ನು ಬಿಡುಗಡೆ ಮಾಡುತ್ತದೆ; ಕೀಟ ಸಾಮಾನ್ಯವಾಗಿ ಎರಡು ದಿನಗಳಲ್ಲಿ ಸಾಯುತ್ತದೆ.

ವಿವಾದವಿರುವುದು ಬೇಟೆಯ ಕ್ರಮದಲ್ಲಿ. ಈ ಪ್ರಭೇದ ಮೇಲ್ಮಣ್ಣಿನಲ್ಲಿ ಬಾಲದ ಮೇಲೆ ನಿಂತು ಹೊಂಚುಹಾಕುತ್ತದೆ, ಹೆಟೆರೊರ‍್ಯಾಬ್ಡೈಟಿಸ್ ಎಂಬ ಇನ್ನೊಂದು ಜಂತುಹುಳು ಕುಲ ಮಾತ್ರ ಅಲೆದಾಡಿ ಬೇಟೆ ಹುಡುಕುತ್ತದೆ ಎಂಬ ವಿಂಗಡಣೆ 1990ರ ದಶಕದಿಂದ ಪಠ್ಯಗಳಲ್ಲಿ ನೆಲೆಯೂರಿದೆ. ಬವೇರಿಯಾದಲ್ಲಿ 2007ರಲ್ಲಿ ಪತ್ತೆಯಾದ ಮೆಕ್ಕೆಜೋಳದ ಬೇರುಹುಳುವಿಗೂ ಯುರೋಪಿನ ಸಂಶೋಧಕರು ಮುಖ್ಯವಾಗಿ ನೆಚ್ಚಿದ್ದು ಹೆಟೆರೊರ‍್ಯಾಬ್ಡೈಟಿಸ್ ಬ್ಯಾಕ್ಟೀರಿಯೊಫೋರವನ್ನೇ. ಈ ತರ್ಕವನ್ನು ಹಿಡಿದರೆ, ಮಣ್ಣೊಳಗೆ ಬೇರಿನ ಬಳಿ ಇರುವ ಹುಳುವಿಗೆ ಕಾಸರಗೋಡಿನ ಆಯ್ಕೆ ತಪ್ಪೆನಿಸುತ್ತದೆ.

2012ರಲ್ಲಿ ವಿಲ್ಸನ್, ಏಲರ್ಸ್ ಮತ್ತು ಗ್ಲೇಜರ್ ಈ ವಿಂಗಡಣೆಯನ್ನೇ ಪ್ರಶ್ನಿಸಿದರು. ಹೊಂಚುವ ನಡವಳಿಕೆ ಪ್ರಯೋಗಾಲಯದ ಮಾಧ್ಯಮಗಳಲ್ಲಿ ಕಂಡದ್ದು; ಸಾವಯವಾಂಶ ತುಂಬಿದ ಪೀಟ್ ಮಣ್ಣಿನಲ್ಲಿ ಇದೇ ಜಂತುಹುಳು ಚೆನ್ನಾಗಿ ಸಂಚರಿಸಿ, ಪೈನ್ ಮರದ ಬುಡಗಳ ತೊಗಟೆಯೊಳಗಿನ ಮೂತಿಹುಳುಗಳನ್ನು ತಲುಪುತ್ತದೆ ಎಂಬುದು ಅವರ ವಾದ. ಇದನ್ನು ಒಪ್ಪಿದರೆ, ‘ಹೊಂಚುಗಾರ’ ಎಂಬ ಒಂದೇ ಕಾರಣಕ್ಕೆ ಕಾರ್ಪೊಕ್ಯಾಪ್ಸೆಯನ್ನು ಅಡಿಕೆ ತೋಟದಿಂದ ಹೊರಗಿಡುವುದು ಸಲ್ಲದು. ಆದರೆ ಈ ಮಾತಿಗೆ ಮಿತಿಗಳಿವೆ. ಜಂಬಿಟ್ಟಿಗೆ ಮಣ್ಣು ಪೀಟ್ ಅಲ್ಲ. ಸೊಪ್ಪು, ಗೊಬ್ಬರ ಹಾಕಿದ ತೋಟದ ಮೇಲ್ಪದರ ಅದಕ್ಕೆ ಸ್ವಲ್ಪ ಹತ್ತಿರವಾದೀತು, ಅಷ್ಟೆ. ಸೋಂಕುಮರಿಗಳನ್ನು ಮಣ್ಣೊಳಗೇ ಇಡಬೇಕೆಂಬ ಸೂಚನೆಯನ್ನು ನೋಡಿದರೆ, ಶಿಫಾರಸು ಕೂಡ ಅವುಗಳ ಓಡಾಟವನ್ನು ಪೂರ್ತಿ ನಂಬಿದಂತಿಲ್ಲ. ಪ್ರಮಾಣವೂ ಉದಾರವಲ್ಲ: ಚದರ ಸೆಂ.ಮೀ.ಗೆ ಬೀಳುವುದು 15 ಮರಿ. ಇತರೆಡೆ ವಾಡಿಕೆಯ ಪ್ರಮಾಣ 25.

ಬೇಟೆಯ ಕ್ರಮಕ್ಕಿಂತ ಹುಳುವಿನ ವಯಸ್ಸು ಹೆಚ್ಚು ನಿರ್ಣಾಯಕವಿರಬಹುದು. ಅಡಿಕೆಯ ಬೇರುಹುಳುವೂ ಸೇರಿದ ಗೊಣ್ಣೆಹುಳುಗಳ ಉಸಿರುರಂಧ್ರಗಳಿಗೆ ಜರಡಿಯಂಥ ತಡೆಫಲಕವಿದೆ; ಮೈಯುಜ್ಜಿಕೊಂಡು, ಮೇಲಿಂದ ಮೇಲೆ ಮಲ ವಿಸರ್ಜಿಸಿ ಅವು ಜಂತುಹುಳುಗಳನ್ನು ಹೊರದೂಡುತ್ತವೆ. ಇಮಿಡಾಕ್ಲೋಪ್ರಿಡ್ ಕೀಟನಾಶಕ ತಗಲಿದ ಹುಳು ಮಂಕಾಗಿ ಈ ಪ್ರತಿರೋಧವನ್ನು ಕಳೆದುಕೊಳ್ಳುತ್ತದೆಂದು ಅಮೆರಿಕದ ಪ್ರಯೋಗಗಳು ತೋರಿಸಿವೆ. ಎಳೆಹುಳುಗಳಲ್ಲಿ ಈ ಪ್ರತಿರೋಧ ಕಡಿಮೆ ಇರಬಹುದು; ಹಾಗಾಗಿ ಮುಂಗಾರಿನಲ್ಲಿ ಮೊಟ್ಟೆಯೊಡೆದ ಎಳೆಹುಳುಗಳಿರುವಾಗಲೇ ಪ್ರಯೋಗಿಸುವುದು ಲೇಸು. ಎರಡೂ ಜಂತುಹುಳು ಪ್ರಭೇದಗಳನ್ನು ಜಂಬಿಟ್ಟಿಗೆ ಮಣ್ಣಿನಲ್ಲಿ, ಒಂದೇ ಆಳದಲ್ಲಿ, ಒಂದೇ ವಯಸ್ಸಿನ ಹುಳುಗಳ ಮೇಲೆ ಹೋಲಿಸಿ ನೋಡಿದ ಮೇಲಷ್ಟೇ ಆಯ್ಕೆಯ ಪ್ರಶ್ನೆ ಇತ್ಯರ್ಥವಾಗುತ್ತದೆ.